ಅಪ್ಪನಿಗೆ ಹೆಗಲು ಕೊಡದ ಸ್ಟ್ರೈಕರ್

ಸ್ಯಾಂಟಾ ಕ್ಲಾರಿಟಾದ ಹೆದ್ದಾರಿ ಬದಿಯಲ್ಲಿರುವ ಒಂದು ಮೋಟೆಲಿನಲ್ಲಿ ಬೆಡ್‌ಶೀಟ್ ಒಗೆಯುವ ಕೋಣೆಯನ್ನು ನೋಡಿಕೊಳ್ಳುವವನು ಕುಳ್ಳಗಿನ, ಗಟ್ಟಿ ಎದೆಯ, ಬಲಗಾಲು ಮಡಚಲಾಗದ ಒಬ್ಬ ಮನುಷ್ಯ. ಅಲ್ಲಿ ಇಳಿದುಕೊಳ್ಳುವ ಟ್ರಕ್ ಡ್ರೈವರುಗಳು ಅವನನ್ನು ಮೆಕ್ಸಿಕೋದವನು ಎಂದುಕೊಳ್ಳುತ್ತಾರೆ. ಜೊತೆಗೆ ಕೆಲಸ ಮಾಡುವ ಮೆಕ್ಸಿಕೋದ ಹೆಂಗಸರು ಫಿಲಿಪೀನ್ಸಿನವನು ಎಂದುಕೊಳ್ಳುತ್ತಾರೆ. ಮಾಲೀಕನ ಮನೆಯವರು ಹ್ಯಾರಿ ಎಂದು ಕರೆಯುತ್ತಾರೆ. ನಿಜವಾದ ಹೆಸರು ಹೆರಿ ರಜಾಫಿಂದ್ರಬೆ. ಊರು ಮಡಗಾಸ್ಕರ್ ದ್ವೀಪದ ಆಂತ್ಸಿರಾಬೆ. ಸಾವಿರದ ಒಂಬೈನೂರ ತೊಂಬತ್ತೈದರ ಬೇಸಿಗೆಯಲ್ಲಿ ಸ್ಯಾಂಡಿಯಾಗೋದ ಕ್ರೀಡಾಂಗಣ ತುಂಬ ಜನ ಅವನ ಹೆಸರು ಕೂಗುತ್ತಿದ್ದರು. ಅವರು ಕೂಗಿದ್ದೂ ಹ್ಯಾರಿ ಎಂದೇ.

ಆಂತ್ಸಿರಾಬೆ ಎತ್ತರದ ಚಳಿನಾಡು. ಅಲ್ಲಿ ಮನುಷ್ಯರೇ ಎಳೆಯುವ ರಿಕ್ಷಾಗಳು ಹೆಚ್ಚು. ಹೆರಿಯ ಅಪ್ಪ ಅಂಥದೊಂದನ್ನು ಬರಿಗಾಲಲ್ಲಿ ಎಳೆದು ಮಕ್ಕಳನ್ನು ಸಾಕಿದವನು. ಏರು ಬಂದಾಗ ಹಿಂದಿನಿಂದ ನೂಕುವುದು ಹಿರಿಮಗನ ಕೆಲಸ. ಹೆರಿಯ ಕಾಲುಗಳು ಹಾಗೆ ಬಲಿತವು. ಯಾವ ತರಬೇತುದಾರನೂ ಮಾಡಿಕೊಟ್ಟದ್ದಲ್ಲ. ಆ ಕಾಲುಗಳು ಅವನನ್ನು ಮೊದಲು ರಾಜಧಾನಿಯ ಕ್ಲಬ್ಬಿಗೆ, ಅಲ್ಲಿಂದ ಪಕ್ಕದ ರಿಯೂನಿಯನ್ ದ್ವೀಪಕ್ಕೆ, ಆಮೇಲೆ ಫ್ರಾನ್ಸಿನ ಎರಡನೇ ದರ್ಜೆಯ ತಂಡವೊಂದರ ಬೆಂಚಿಗೆ ಒಯ್ದವು. ಬೆಂಚಿನಲ್ಲಿ ಎರಡು ಚಳಿಗಾಲ ಕೂತ. ರಿಯೂನಿಯನ್‌ನಲ್ಲಿದ್ದಾಗ ಅಪ್ಪ ಸತ್ತ. ಸತ್ತದ್ದು ಕೂಲಿಗೆಂದು ಹೋಗಿದ್ದ ದೂರದ ಕರಾವಳಿಯಲ್ಲಿ. ಹೂತದ್ದೂ ಅಲ್ಲೇ, ಪರರ ಮಣ್ಣಿನಲ್ಲಿ. ಆ ವಾರ ಪಂದ್ಯವಿತ್ತು, ಹೆರಿ ಅಪ್ಪನ ಮಣ್ಣಿಗೆ ಹೋಗಲಿಲ್ಲ. ತಂಡಕ್ಕೆ ಎರಡು ಗೋಲು ಹೊಡೆದ.

ತೊಂಬತ್ಮೂರರಲ್ಲಿ ಏಜೆಂಟನೊಬ್ಬ ಅವನ ಆಟದ ವಿಡಿಯೋ ಕ್ಯಾಸೆಟ್ಟನ್ನು ಅಮೆರಿಕಕ್ಕೆ ಕಳಿಸಿದ. ಅಲ್ಲಿ ಆಗ ಬೇಸಿಗೆಯಲ್ಲಿ ಒಳಾಂಗಣ ಫುಟ್‌ಬಾಲ್ ನಡೆಯುತ್ತಿತ್ತು. ಕಾಂಕ್ರೀಟಿನ ಮೇಲೆ ಹಸಿರು ಕಾರ್ಪೆಟ್ಟು ಹಾಸಿ, ಸುತ್ತ ಎದೆಯೆತ್ತರದ ಹಲಗೆಯ ಗೋಡೆ ನಿಲ್ಲಿಸಿ, ಪಕ್ಷಕ್ಕೆ ಆರು ಜನ ಆಡುವ ಆಟ. ಚೆಂಡು ಹೊರಗೆ ಹೋಗುವುದೇ ಇಲ್ಲ. ಬಯಲಿನಲ್ಲಿ ಆಡಿ ಬಂದವರು ಗೋಡೆಯನ್ನು ಮರೆತು ಕಂಗೆಡುತ್ತಾರೆ. ಹೆರಿ ಮರೆಯಲಿಲ್ಲ. ಎದುರಾಳಿ ಅಡ್ಡ ಬಂದರೆ ಚೆಂಡನ್ನು ಗೋಡೆಗೆ ಕೊಟ್ಟು, ತಾನು ಮತ್ತೊಂದು ಬದಿಯಿಂದ ನುಗ್ಗಿ, ಗೋಡೆ ಹಿಂತಿರುಗಿಸಿದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಒದೆಯುತ್ತಿದ್ದ. ಗೋಲ್‌ಕೀಪರ್ ತಿರುಗುವಷ್ಟರಲ್ಲಿ ಮುಗಿದಿರುತ್ತಿತ್ತು. ಆದರೆ ಕಾರ್ಪೆಟ್ಟಿನ ಕೆಳಗೆ ಕಾಂಕ್ರೀಟು. ಪ್ರತಿ ಸಲ ಹಾಗೆ ತಿರುಗಿದಾಗಲೂ ಬಲಮಂಡಿ ಸ್ವಲ್ಪ ಸವೆಯಿತು.

ಸ್ಯಾಂಡಿಯಾಗೋದ ಆ ತಂಡದ ಹೆಸರು ಪೆಲಿಕನ್ಸ್. ಮಾಲೀಕರಲ್ಲಿ ದಿನವೂ ಅಭ್ಯಾಸಕ್ಕೆ ಬಂದು ನಿಲ್ಲುತ್ತಿದ್ದವನು ಜಯರಾಮ ಶೆಟ್ಟಿ ಒಬ್ಬನೇ. ಉಡುಪಿ ಕಡೆಯವನು, ಮೋಟೆಲುಗಳ ಒಡೆಯ. ಅವನ ತಂದೆ ಕಂಬಳದ ಕೋಣಗಳನ್ನು ಸಾಕಿದ್ದವರು. ಕೆಸರುಗದ್ದೆಯಲ್ಲಿ ಓಡಿ ಪದಕ ಗೆದ್ದ ಕೋಣಗಳ ಫೋಟೋ ಮೋಟೆಲ್ ಆಫೀಸಿನಲ್ಲಿ ದೇವರ ಪಕ್ಕದಲ್ಲೇ ತೂಗುತ್ತಿತ್ತು. ಫುಟ್‌ಬಾಲ್ ಅವನಿಗೆ ತಿಳಿಯುತ್ತಿರಲಿಲ್ಲ. ಓಡುವ ಪ್ರಾಣಿ ತಿಳಿಯುತ್ತಿತ್ತು. ಮೊದಲ ದಿನವೇ ಹೆರಿಯ ತೊಡೆ ತಟ್ಟಿ ನೋಡಿ, ತಂಡದ ಹಾಸ್ಟೆಲಿನಿಂದ ಎಬ್ಬಿಸಿ ತನ್ನ ಮೋಟೆಲಿನ ಹಿಂದಿನ ಕೋಣೆಗೆ ತಂದಿಟ್ಟುಕೊಂಡ. ಪಾಸ್‌ಪೋರ್ಟನ್ನು ಜೋಪಾನಕ್ಕೆಂದು ಆಫೀಸಿನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟ. ಊಟ ತನ್ನ ಮನೆಯಲ್ಲೇ ಎಂದ.

"ದಿನಾ ಹುರುಳಿ ಬೇಯಿಸಿ ಹಾಕು ಇವನಿಗೆ," ಎಂದು ಹೆಂಡತಿ ಪ್ರಫುಲ್ಲಾಗೆ ಹೇಳಿದ. "ನಮ್ಮ ಚೆನ್ನನೂ ಹೀಗೆಯೇ ಇದ್ದದ್ದು. ಗದ್ದೆಗಿಳಿಯುವವರೆಗೆ ಪಾಪದ್ದು. ಇಳಿದ ಮೇಲೆ ಹಿಡಿಯಲಿಕ್ಕಿಲ್ಲ."

"ಮನುಷ್ಯನ ಎದುರಿಗೆ ಕೋಣದ ಮಾತಾಡ್ತೀರಲ್ಲ."

"ಅವನಿಗೆ ಎಂಥ ಗೊತ್ತಾಗ್ತದೆ?"

ಮೂರು ಹೊತ್ತು ಅನ್ನ ತಿನ್ನುವ ನಾಡಿನವನಿಗೆ ಆ ಮನೆಯ ಊಟ ಹಿಡಿಸಿತು. ಹುರುಳಿಯೂ ಹಿಡಿಸಿತು. ಪ್ರಫುಲ್ಲಾ ಗಂಜಿತಿಳಿ ಬಡಿಸಿದ ದಿನ, ತನ್ನ ತಾಯಿ ಪಾತ್ರೆಯ ತಳ ಹಿಡಿದ ಅನ್ನಕ್ಕೆ ನೀರು ಹೊಯ್ದು ಕಾಸಿ ಕೊಡುತ್ತಿದ್ದದ್ದು ನೆನಪಾಗಿ ಎರಡನೇ ಲೋಟ ಕೇಳಿದ. ಕೇಳಿದ್ದು ಕನ್ನಡದಲ್ಲಿ. ಮಲಗಾಸಿ, ಫ್ರೆಂಚ್, ಇಂಗ್ಲಿಷ್ ಆದ ಮೇಲೆ ಅವನಿಗೆ ನಾಲ್ಕನೆಯದು ಕಷ್ಟವಾಗಲಿಲ್ಲ. ಜಯರಾಮ ಇದನ್ನು ಕಂಡು ಹಿಗ್ಗಿದ. ಕನ್ನಡಿಗರು ಸೇರಿದ ಕಡೆಯೆಲ್ಲ ಅವನನ್ನು ಮುಂದೆ ತಂದು ನಿಲ್ಲಿಸುತ್ತಿದ್ದ.

"ಹ್ಯಾರಿ, ಆಂಟಿಯನ್ನು ಮಾತಾಡಿಸು ನೋಡುವ."

"ಊಟ ಆಯ್ತಾ ಆಂಟಿ?"

ಎಲ್ಲರೂ ನಗುತ್ತಿದ್ದರು. ಇನ್ನೊಮ್ಮೆ ಹೇಳಿಸಿ ಮತ್ತೆ ನಗುತ್ತಿದ್ದರು. ಅವನಿಗೆ ಅಷ್ಟೇ ಬರುವುದು ಎಂದು ಅವರ ನಂಬಿಕೆ. ಹೆರಿ ಅದನ್ನು ತಿದ್ದಲು ಹೋಗಲಿಲ್ಲ. ಹಿರಿಯರ ತಪ್ಪನ್ನು ಎತ್ತಿ ಆಡುವುದು ಅವನ ನಾಡಿನಲ್ಲಿ ಮಹಾ ಒರಟುತನ.

ತೊಂಬತ್ತೈದರ ಜುಲೈಯಲ್ಲಿ ತಮ್ಮ ಸುಲುಫು ಫೋನು ಮಾಡಿದ. ಅಪ್ಪ ಅವನ ಕನಸಿನಲ್ಲಿ ಬಂದು ಚಳಿಯಾಗುತ್ತಿದೆ ಎಂದಿದ್ದ.

ಅವರ ನಾಡಿನಲ್ಲಿ ಸತ್ತವರಿಗೆ ಚಳಿಯಾಗುತ್ತದೆ. ಕೆಲವು ವರ್ಷಕ್ಕೊಮ್ಮೆ, ಮಳೆಯಿಲ್ಲದ ತಿಂಗಳುಗಳಲ್ಲಿ, ಮನೆತನದ ಕಲ್ಲಿನ ಗೋರಿಯ ಬಾಗಿಲು ತೆರೆದು, ಒಳಗಿನವರನ್ನು ಹೊರಗೆ ತಂದು, ಹಳೆಯ ಬಟ್ಟೆಯ ಮೇಲೆ ಹೊಸ ರೇಷ್ಮೆ ಸುತ್ತಿ, ಹೆಗಲ ಮೇಲೆ ಹೊತ್ತು ಕುಣಿದು, ಮತ್ತೆ ಒಳಗೆ ಮಲಗಿಸುತ್ತಾರೆ. ದೂರದಲ್ಲಿ ಸತ್ತವರ ಎಲುಬುಗಳನ್ನು ಆ ದಿನವೇ ತಂದು ಹಿರಿಯರ ಪಕ್ಕ ಸೇರಿಸಬೇಕು. ಬದುಕುವ ಮನೆ ಮಣ್ಣಿನದು, ಗೋರಿ ಮಾತ್ರ ಕಲ್ಲಿನದು. ಅದರೊಳಗೆ ಒಬ್ಬೊಬ್ಬರಿಗೂ ಒಂದೊಂದು ಕಲ್ಲಿನ ಹಾಸು. ಆ ಹಾಸು ಇಲ್ಲದವನು ಸತ್ತ ಮೇಲೆ ಯಾರಿಗೂ ಸೇರಿದವನಲ್ಲ, ದಾರಿಯ ನಾಯಿ.

ಜೋಯಿಸರು ಸೆಪ್ಟೆಂಬರಿನ ಒಂದು ಶನಿವಾರವನ್ನು ಗೊತ್ತುಮಾಡಿದ್ದರು. ಮನೆತನಕ್ಕೆ ಹಿರಿಯನಾದ ದೊಡ್ಡಪ್ಪನ ಮಾತನ್ನು ಸುಲುಫು ಮೆತ್ತಗೆ ಮಾಡದೆ ಒಪ್ಪಿಸಿದ. "ಹೂಳುವಾಗ ಬರಲಿಲ್ಲ. ಈಗಲೂ ಹೆಗಲು ಕೊಡಲು ಬರದಿದ್ದರೆ ಅವನಿಗೆ ಗೋರಿಯಲ್ಲಿ ಜಾಗವಿಲ್ಲ. ಹಾಸನ್ನು ಬೇರೆಯವರಿಗೆ ಕೊಡುತ್ತೇನೆ."

ಮಾರನೆಯ ಮಧ್ಯಾಹ್ನ ಊಟಕ್ಕೆ ಕೂತಾಗ ಹೆರಿ ಬಾಯಿಬಿಟ್ಟ. ಜಯರಾಮನೊಡನೆ ಇಂಥ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು.

"ಜಯರಾಮಣ್ಣ, ಸೆಪ್ಟೆಂಬರಿನಲ್ಲಿ ನಾನು ಊರಿಗೆ ಹೋಗಬೇಕು."

"ಸೆಪ್ಟೆಂಬರಿನಲ್ಲಾ? ತಲೆ ಸರಿ ಉಂಟಾ? ಸೆಮಿಫೈನಲ್ ಇರುವುದೇ ಆಗ. ಎಂಥ, ಮದುವೆಯಾ?"

"ಅಪ್ಪನ ಕೆಲಸ."

"ನಿನ್ನ ಅಪ್ಪ ಯಾವಾಗಲೋ ಸತ್ತದ್ದಲ್ಲವಾ?"

"ಹೌದು. ಈಗ ಹೊರಗೆ ತೆಗೆಯುವುದು. ತೆಗೆದು, ಹೊಸ ರೇಷ್ಮೆ ಸುತ್ತಿ, ಹೊತ್ತುಕೊಂಡು ಕುಣಿಯುವುದು."

ಜಯರಾಮನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. "ಹೆಣ ಹೊತ್ತು ಕುಣಿಯುವುದಾ! ಊಟದ ಹೊತ್ತಿಗೆ ಎಂಥ ಮಾತು ಮಾರಾಯ! ಪ್ರಫುಲ್ಲಾ, ಕೇಳಿದೆಯಾ?"

"ಕೇಳಿದೆ," ಎಂದಳು ಪ್ರಫುಲ್ಲಾ. "ಅದು ಅವರ ಕ್ರಮ. ಹೋಗಿ ಬರಲಿ ಬಿಡಿ."

ಜಯರಾಮ ಅನ್ನ ಕಲಸಿದ. ಅವನು ಕೆಟ್ಟ ಮನುಷ್ಯನಲ್ಲ. ತಂದೆಯ ಕಾರ್ಯ ಬಿಡಬಾರದೆಂಬುದು ಅವನಿಗೂ ಗೊತ್ತಿದ್ದ ವಿಷಯ. ಕೊನೆಗೆ ಹೇಳಿದ, "ಲಾಸ್ ಏಂಜಲೀಸ್‌ನವರ ಜೊತೆ ಸೆಮಿಫೈನಲ್ ಆಡು. ಮಾರನೇ ದಿನವೇ ನಿನ್ನ ಅಪ್ಪನ ಕೆಲಸ. ಅದರ ಜವಾಬ್ದಾರಿ ನನ್ನದು. ಮಾತು ಕೊಟ್ಟೆ."

ಹೆರಿ ಎದ್ದು, ತಮ್ಮ ಕಡೆಯ ಪದ್ಧತಿಯಂತೆ ಎರಡೂ ಕೈಯಿಂದ ಅವನ ಕೈ ಹಿಡಿದ. ಸೆಮಿಫೈನಲ್ ಇದ್ದದ್ದು ಅದರ ಹಿಂದಿನ ಶನಿವಾರ. ಭಾನುವಾರ ಹೊರಟರೆ ಊರಿನ ಶನಿವಾರಕ್ಕೆ ಸಾವಕಾಶವಾಗಿ ತಲುಪಬಹುದು.

ಪ್ರಫುಲ್ಲಾ ಅಲ್ಮೆರಾ ತೆರೆದು ಒಂದು ಶಾಲು ತೆಗೆದುಕೊಟ್ಟಳು. ಕೆಂಗಂದು ಬಣ್ಣದ ಒರಟು ರೇಷ್ಮೆ. ಹಿಂದೊಮ್ಮೆ ಕನ್ನಡ ಸಂಘದವರು ಜಯರಾಮನಿಗೆ ಸನ್ಮಾನ ಮಾಡಿ ಹೊದೆಸಿದ್ದು. ಅಂಥ ಶಾಲುಗಳು ಆ ಮನೆಯಲ್ಲಿ ಅಟ್ಟಿಯಾಗಿ ಬಿದ್ದಿದ್ದವು. "ಇದು ಆದೀತಾ ನಿನ್ನ ಅಪ್ಪನಿಗೆ?" ಎಂದು ಕೇಳಿದಳು. ಹೆರಿ ಮುಟ್ಟಿ ನೋಡಿದ. ಸತ್ತವರಿಗೆ ಸುತ್ತುವ ರೇಷ್ಮೆ ಅವನ ನಾಡಿನಲ್ಲೂ ಹೆಚ್ಚುಕಡಿಮೆ ಇದೇ ಬಣ್ಣ, ಇದೇ ಒರಟು. "ಆಗ್ತದೆ ಅಕ್ಕ," ಎಂದ. ಸೂಟ್‌ಕೇಸಿನಲ್ಲಿ ಎಲ್ಲದರ ಮೇಲೆ ಅದನ್ನಿಟ್ಟ.

ಆಗಸ್ಟಿನಲ್ಲಿ ಮಂಡಿ ಊದಿಕೊಂಡಿತು. ಜಯರಾಮ ಅವನನ್ನು ಕಾರಿನಲ್ಲಿ ಹಾಕಿಕೊಂಡು ವುಡ್‌ಲ್ಯಾಂಡ್ ಹಿಲ್ಸ್‌ಗೆ ಹೋದ. ಅಲ್ಲಿ ಧಾರವಾಡದ ಕಡೆಯ ಎಲುಬಿನ ಡಾಕ್ಟರು ಓಂಪ್ರಕಾಶ್ ಇದ್ದ, ಜಯರಾಮನ ಇಸ್ಪೀಟಿನ ಗೆಳೆಯ. ಹೆರಿಯನ್ನು ಮೇಜಿನ ಮೇಲೆ ಮಲಗಿಸಿ ಕಾಲನ್ನು ಮಡಚಿ ತಿರುವಿದ. ಒಳಗಿಂದ ಕಟಕ್ಕೆಂದಿತು. ಆಮೇಲೆ ಇಬ್ಬರೂ ಅವನ ಮೈಯ ಆಚೀಚೆ ನಿಂತು ಕನ್ನಡದಲ್ಲಿ ಮಾತಾಡಿದರು.

"ಶೆಟ್ರ, ಇದು ಒಳಗ ಹರದೈತಿ. ಎಲುವಿಗೆ ಎಲುವು ತಿಕ್ಕಾಕತ್ತೈತಿ. ಆಟ ನಿಲ್ಲಸ್ರಿ, ಆಪರೇಷನ್ ಮಾಡೂಣು."

"ನಿಲ್ಲಿಸಿದರೆ ಸೆಮಿಫೈನಲಿಗೆ ಯಾರನ್ನು ಇಳಿಸುವುದು ಡಾಕ್ಟ್ರೇ, ನಿಮ್ಮನ್ನಾ?"

ಓಂಪ್ರಕಾಶ್ ತನ್ನ ಹೊಟ್ಟೆ ಬಡಿದುಕೊಂಡು ನಕ್ಕ. "ನನ್ನ ಇಳಿಸಿದ್ರ ನಿಮ್ಮ ಗ್ವಾಡಿ ಉಳಿಯಂಗಿಲ್ಲ." ಆಮೇಲೆ ದನಿ ತಗ್ಗಿಸಿದ. "ಸೂಜಿ ಹಾಕಿದ್ರ ಆಡ್ತಾನ್ರಿ. ನೋವು ಗೊತ್ತಾಗಂಗಿಲ್ಲ. ಗೊತ್ತಾಗಲಾರದ್ದಕ್ಕ ಇನ್ನಷ್ಟು ಓಡ್ತಾನ, ಇನ್ನಷ್ಟು ಹರೀತೈತಿ. ಒಂದ್ ಸಲ ಹಾಕಿದ್ರ ಮುಂದ ಹೊಲದು ಹ್ಯಾಂಗರ ಸರಿ ಮಾಡಬಹುದು. ಎರಡ್ನೇ ಸಲ ಹಾಕಿದ್ರ ಕಾಲು ಹೋತಂತ ತಿಳೀರಿ."

"ಒಂದೇ ಸಲ ಸಾಕು. ಇವನಿಗೆ ಹೇಳಬೇಕಾ?"

"ಹೇಳಿದ್ರ ಅಂಜತಾನ. ಅಂಜಿದವ ಹ್ಯಾಂಗ ಓಡತಾನ್ರಿ?"

ಹೆರಿ ಚಾವಣಿಯ ದೀಪ ನೋಡುತ್ತ ಪ್ರತಿ ಮಾತನ್ನೂ ಕೇಳಿಸಿಕೊಂಡ. ಒಂದು ಸಲ ಎಂದುಕೊಂಡ. ಅಪ್ಪನ ಮಂಡಿಗಳೂ ಕೊನೆಗೆ ಹಾಗೇ ಆಗಿದ್ದವು. ಇಂಗ್ಲಿಷಿನಲ್ಲಿ ಡಾಕ್ಟರು, "ಏನೂ ಇಲ್ಲ ಹ್ಯಾರಿ, ಬರೀ ಊತ," ಎಂದಾಗ ತಲೆಯಾಡಿಸಿದ.

ಸೆಮಿಫೈನಲಿನ ದಿನ ಡ್ರೆಸ್ಸಿಂಗ್ ರೂಮಿನಲ್ಲೇ ಸೂಜಿ ಹಾಕಿದರು. ಕಾಲು ಬೇರೆಯವರದ್ದಾಯಿತು. ಆ ಬೇರೆಯವರ ಕಾಲಿನಿಂದ ಹೆರಿ ಮೂರು ಗೋಲು ಹೊಡೆದ. ಕೊನೆಯದನ್ನು ಮೂಲೆಯ ಬಾಗಿದ ಹಲಗೆಗೆ ಅಪ್ಪಳಿಸಿ, ಇಬ್ಬರ ನಡುವೆ ತೂರಿ, ಬೀಳುತ್ತ ಬೀಳುತ್ತ ಒಳಗೆ ತಳ್ಳಿದ. ಲಾಸ್ ಏಂಜಲೀಸ್‌ನವರು ಸೋತರು. ಜಯರಾಮ ಗೋಡೆ ಹಾರಿ ಬಂದು ಅವನನ್ನು ತಬ್ಬಿಕೊಂಡು, "ಚೆನ್ನಾ! ನನ್ನ ಚೆನ್ನಾ!" ಎಂದು ಅತ್ತುಬಿಟ್ಟ. ಅಷ್ಟು ಪ್ರೀತಿಯಿಂದ ಅವನು ಹೆರಿಯನ್ನು ಮುಂದೆಂದೂ ಅಪ್ಪಿಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಹೆರಿ ಸೂಟು ಹಾಕಿಕೊಂಡು, ಸೂಟ್‌ಕೇಸು ಹಿಡಿದು, ಕುಂಟುತ್ತ ಅಂಗಳಕ್ಕೆ ಬಂದ. ಜಯರಾಮ ಆಗಲೇ ಕಾರು ಹೊರಗಿಟ್ಟಿದ್ದ. ಬಿಳಿ ಪಂಚೆ ಉಟ್ಟಿದ್ದ. ಸೂಟ್‌ಕೇಸನ್ನು ನೋಡಿ, "ಇದೆಂಥದಕ್ಕೆ? ಇರಲಿ, ಹಾಕು ಹಿಂದೆ," ಎಂದ. ಕಾರು ವಿಮಾನ ನಿಲ್ದಾಣದ ಕಡೆ ತಿರುಗದೆ ಉತ್ತರಕ್ಕೆ ಹೋಯಿತು. ಲಾಸ್ ಏಂಜಲೀಸ್‌ನಿಂದ ವಿಮಾನವಿರಬೇಕು ಎಂದುಕೊಂಡ ಹೆರಿ. ಡೆಲ್ ಮಾರ್‌ನಲ್ಲಿ ಕಾರು ನಿಂತಿತು.

ಮರಳಿನ ಮೇಲೆ ಚಾಪೆ ಹಾಸಿಕೊಂಡು ಭಟ್ಟರು ಕಾಯುತ್ತಿದ್ದರು. ವಾರವಿಡೀ ಕಂಪ್ಯೂಟರ್ ಕೆಲಸ, ಭಾನುವಾರ ಪೌರೋಹಿತ್ಯ ಮಾಡುವ ಬಾಲಸುಬ್ರಹ್ಮಣ್ಯ ಭಟ್ಟರು. ದರ್ಭೆ, ಎಳ್ಳು, ಅನ್ನದ ಉಂಡೆಗಳು ಸಿದ್ಧವಾಗಿದ್ದವು. ಪಿತೃಪಕ್ಷ ಶುರುವಾಗಿತ್ತು.

"ಇವನ ತಂದೆಯದ್ದು. ಹೆಸರು ಕೇಳಿಕೊಳ್ಳಿ ಭಟ್ರೇ," ಎಂದ ಜಯರಾಮ.

ಭಟ್ಟರು ಎರಡು ಸಲ ಕೇಳಿ, ಬಾಯಿಗೆ ಬಾರದೆ, "ಯಜಮಾನಸ್ಯ ಪಿತುಃ ಅಂತ ಹೇಳಿದರೆ ಆಯ್ತು," ಎಂದರು. "ಗೋತ್ರ?"

"ಕಾಶ್ಯಪ ಹಾಕಿ. ಗೊತ್ತಿಲ್ಲದವರಿಗೆಲ್ಲ ಅದೇ ಅಲ್ಲವಾ? ನನಗೂ ಅದನ್ನೇ ಹಾಕುವುದಲ್ಲ ನೀವು."

ಹೆರಿ ಸೂಟಿನ ಪ್ಯಾಂಟು ಮಡಚಿ, ಮಂಡಿಯೂರಲಾಗದೆ ಒಂದು ಕಾಲು ಚಾಚಿ ಕೂತ. ಹೇಳಿದಂತೆ ಹೆಬ್ಬೆರಳ ಪಕ್ಕದಿಂದ ಎಳ್ಳುನೀರು ಬಿಟ್ಟ. ಇದು ಪ್ರಯಾಣಕ್ಕೆ ಮೊದಲು ಕೇಳುವ ಹಿರಿಯರ ಆಶೀರ್ವಾದವಿರಬೇಕು ಎಂದುಕೊಂಡ. ಅಷ್ಟು ದೂರದಲ್ಲಿ ಈಜುಡುಗೆಯ ಹುಡುಗಿಯರು ಸನ್‌ಗ್ಲಾಸ್ ಎತ್ತಿ ನೋಡಿದರು. ಉಂಡೆಗಳನ್ನು ತಿನ್ನಲು ಕಾಗೆ ಬರಲಿಲ್ಲ, ಕಡಲಹಕ್ಕಿಗಳು ಕಚ್ಚಾಡಿ ತಿಂದವು. "ಹಕ್ಕಿ ಮುಟ್ಟಿತಲ್ಲ, ಸಾಕು," ಎಂದರು ಭಟ್ಟರು. ಜಯರಾಮ ತನ್ನ ತಂದೆಗೂ ಅಲ್ಲೇ, ಅಷ್ಟೇ ಭಕ್ತಿಯಿಂದ ನೀರು ಬಿಟ್ಟ. ಅವನ ಕಣ್ಣು ಒದ್ದೆಯಾಗಿತ್ತು.

ಕಾರು ಮೋಟೆಲಿಗೆ ಹಿಂತಿರುಗಿತು.

"ವಿಮಾನ?" ಎಂದ ಹೆರಿ.

"ಯಾವ ವಿಮಾನ?"

"ಅಪ್ಪನ ಕೆಲಸಕ್ಕೆ."

"ಆಯ್ತಲ್ಲ ಮಾರಾಯ! ಈಗ ಮಾಡಿದ್ದು ಮತ್ತೆಂಥದು? ನನ್ನ ಅಪ್ಪನದ್ದೂ ನಾನು ವರ್ಷ ವರ್ಷ ಅಲ್ಲೇ ಮಾಡುವುದು. ಸಮುದ್ರ ಎಲ್ಲ ಒಂದೇ. ಇಲ್ಲಿ ಬಿಟ್ಟ ನೀರು ಅಲ್ಲಿಗೆ ಮುಟ್ಟುತ್ತದೆ."

"ನನ್ನ ಅಪ್ಪನಿಗೆ ನೀರಲ್ಲ ಅಣ್ಣ, ಹೆಗಲು ಬೇಕು."

ಜಯರಾಮ ಅವನನ್ನು ದಿಟ್ಟಿಸಿದ. ಎರಡು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ಎದುರು ಮಾತು ಅದು. "ನಾನು ಕೊಟ್ಟ ಮಾತು ನಡೆಸಿದ್ದೇನೆ," ಎಂದ ಒರಟಾಗಿ. "ಬುಧವಾರ ಫೈನಲ್. ಆಡಿ, ಆಮೇಲೆ ಎಲ್ಲಿ ಬೇಕಾದರೂ ಹೋಗು. ಪಾಸ್‌ಪೋರ್ಟ್ ಆಗ ಕೊಡ್ತೇನೆ."

ಗುರುವಾರ ಹೊರಟರೂ ಶನಿವಾರ ಬೆಳಿಗ್ಗೆ ಮುಟ್ಟಬಹುದಿತ್ತು. ಕಷ್ಟ, ಆದರೆ ಮುಟ್ಟಬಹುದಿತ್ತು. ಹೆರಿ ಇಡೀ ಸೋಮವಾರ ಅದನ್ನೇ ತಿರುವಿ ಹಾಕಿದ. ಕಾಲು ಬೇಕೋ, ಕಲ್ಲಿನ ಹಾಸು ಬೇಕೋ? ಕಾಲು ಹೇಗಿದ್ದರೂ ಇನ್ನು ನಾಲ್ಕೈದು ವರ್ಷದ್ದು. ಬುಧವಾರ ಓಂಪ್ರಕಾಶ್ ಸೂಜಿ ಹಿಡಿದು ಬಂದು, ಒಮ್ಮೆ ಜಯರಾಮನ ಮುಖ ನೋಡಿ, "ಎರಡ್ನೇದು ರೀ," ಎಂದ. ಜಯರಾಮ ಬೇರೆ ಕಡೆ ನೋಡಿದ. ಹೆರಿ ತಾನೇ ಚಡ್ಡಿಯ ಅಂಚನ್ನು ಮೇಲೆತ್ತಿ ಮಂಡಿ ಮುಂದೆ ಮಾಡಿದ.

ಮೊದಲ ಭಾಗದಲ್ಲಿ ಒಂದು ಗೋಲು ಹೊಡೆದ. ಎರಡನೆಯದರಲ್ಲಿ ಗೋಡೆಯಿಂದ ಬಂದ ಚೆಂಡಿಗೆ ತಿರುಗಿದಾಗ ಮೈ ತಿರುಗಿತು, ಕಾಲು ತಿರುಗಲಿಲ್ಲ. ನೋವಾಗಲಿಲ್ಲ. ಎದ್ದು ಓಡಲು ಹೋಗಿ ಮತ್ತೆ ಬಿದ್ದ. ಮೂರನೆಯ ಸಲ ಎದ್ದಾಗ ಪಾದ ಹಿಂದುಮುಂದಾಗಿದ್ದುದನ್ನು ಕಂಡು ಎದುರು ತಂಡದ ಗೋಲ್‌ಕೀಪರ್ ಮುಖ ಮುಚ್ಚಿಕೊಂಡ. ಪೆಲಿಕನ್ಸ್ ಸೋತಿತು.

ಗುರುವಾರ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಶುಕ್ರವಾರ ಜಯರಾಮ ಸೇಬುಹಣ್ಣು ಹಿಡಿದುಕೊಂಡು ಬಂದು, ಜೇಬಿನಿಂದ ಪಾಸ್‌ಪೋರ್ಟು ತೆಗೆದು, ಪ್ಲಾಸ್ಟರ್ ಹಾಕಿದ ಕಾಲಿನ ಪಕ್ಕದಲ್ಲಿಟ್ಟ.

"ನಾನು ಮಾತಿಗೆ ತಪ್ಪುವವನಲ್ಲ ನೋಡು," ಎಂದ.

ಶನಿವಾರ ಆಂತ್ಸಿರಾಬೆಯಲ್ಲಿ ಸುಲುಫು ಅಪ್ಪನನ್ನು ಹೊತ್ತ. ಮರುದಿನ ಫೋನಿನಲ್ಲಿ ಹೇಳಿದ: ಅಪ್ಪ ಬಹಳ ಹಗುರವಾಗಿದ್ದ. ಹೆರಿಯ ಹಾಸಿನ ಮೇಲೆ ಅತ್ತೆಯ ಗಂಡನನ್ನು ಮಲಗಿಸಿದ್ದಾರೆ. ಬಾಗಿಲು ಮುಚ್ಚಿ ಮಣ್ಣು ಮೆತ್ತಿ ಆಯಿತು. ಹೆರಿ ಕಾಲಿನ ವಿಷಯ ಎತ್ತಲು ಹೋದ. "ದೊಡ್ಡಪ್ಪ ನಿನ್ನ ಜೊತೆ ಮಾತಾಡಬಾರದು ಎಂದಿದ್ದಾರೆ," ಎಂದು ತಮ್ಮ ಫೋನಿಟ್ಟ.

ಆಸ್ಪತ್ರೆಯಿಂದ ಬಂದ ಮೇಲೆ ಹೆರಿ ಶಾಲನ್ನು ಮಡಚಿ ಪ್ರಫುಲ್ಲಾಗೆ ಹಿಂದಿರುಗಿಸಿದ. ಆಕೆ ಅದನ್ನು ಅಲ್ಮೆರಾದಲ್ಲಿ ಅಟ್ಟಿಯ ಮೇಲಿಟ್ಟಳು. ತಂಡ ಅವನ ಹೆಸರು ತೆಗೆದುಹಾಕಿತು. ಜಯರಾಮ ಕೈಬಿಡಲಿಲ್ಲ, ಅದನ್ನೂ ಹೇಳಬೇಕು. ಇರಲು ಬೇಕಾದ ಕಾಗದಪತ್ರ ಮಾಡಿಸುತ್ತೇನೆ, ಸ್ಯಾಂಟಾ ಕ್ಲಾರಿಟಾದಲ್ಲಿ ಹೊಸ ಮೋಟೆಲ್ ತೆಗೆಯುತ್ತಿದ್ದೇನೆ, ಲಾಂಡ್ರಿಯಲ್ಲಿ ಕೂತು ಮಾಡುವ ಕೆಲಸ ಉಂಟು ಎಂದ. ಮುದಿ ಕೋಣಗಳನ್ನು ಅವರ ಮನೆಯಲ್ಲಿ ಕಟುಕರಿಗೆ ಮಾರುತ್ತಿರಲಿಲ್ಲವಂತೆ.

ನವೆಂಬರಿನಲ್ಲಿ ಕನ್ನಡಿಗರು ಶಾಲೆಯೊಂದರ ಹಾಲು ಬಾಡಿಗೆಗೆ ಹಿಡಿದು ರಾಜ್ಯೋತ್ಸವ ಮಾಡಿದರು. ಮಕ್ಕಳ ಹಾಡು ಮುಗಿದ ಮೇಲೆ, ನಿರೂಪಣೆ ಮಾಡುತ್ತಿದ್ದ ವೈಶಾಲಿ ಮೈಕಿನಲ್ಲಿ, "ಈಗ ನಮ್ಮೆಲ್ರ ಫೇವರಿಟ್! ಕನ್ನಡ ಕಲಿತ ನಮ್ಮ ಫುಟ್‌ಬಾಲ್ ಸ್ಟಾರ್ ಹ್ಯಾರಿ! ಜೋರಾಗಿ ಚಪ್ಪಾಳೆ ತಟ್ಟಿ!" ಎಂದಳು. ಊರುಗೋಲಿನ ಮೇಲೆ ಹೆರಿ ಮೆಟ್ಟಿಲು ಹತ್ತಿದ. ಹಣ್ಣಿನ ಬುಟ್ಟಿ ಕೊಟ್ಟರು, ಹಿಡಿಯಲು ಕೈ ಇಲ್ಲದ್ದರಿಂದ ಕಾಲ ಬಳಿ ಇಟ್ಟರು. ಜಯರಾಮ ಮುಂದೆ ಬಂದು ಅವನ ಹೆಗಲಿಗೆ ಶಾಲು ಹೊದೆಸಿ, ಎದೆಯ ಮೇಲೆ ಎಳೆದು ಸರಿಮಾಡಿದ. ಕೆಂಗಂದು ಬಣ್ಣದ ಒರಟು ರೇಷ್ಮೆ. ಸಂಘಕ್ಕೆ ಶಾಲು ಬೇಕೆಂದಾಗ ಪ್ರಫುಲ್ಲಾ ಅಲ್ಮೆರಾದಲ್ಲಿ ಎಲ್ಲಕ್ಕಿಂತ ಮೇಲಿದ್ದುದನ್ನು ತೆಗೆದುಕೊಟ್ಟಿದ್ದಳು.

ಹೆರಿ ಅದನ್ನು ಮುಟ್ಟಿ ನೋಡಿಕೊಂಡ.

"ಹ್ಯಾರಿ, ಊಟ ಆಯ್ತಾ ಅಂತ ಕೇಳು ಎಲ್ಲರಿಗೂ," ಎಂದು ಜಯರಾಮ ಮೈಕನ್ನು ಅವನ ಬಾಯಿಗೆ ಹಿಡಿದ.

ಹೆರಿ ಸಭೆಯನ್ನು ನೋಡಲಿಲ್ಲ, ಜಯರಾಮನನ್ನು ನೋಡಿದ. "ಈ ಬಟ್ಟೆ ನನ್ನ ಅಪ್ಪನದು, ಜಯರಾಮಣ್ಣ," ಎಂದ. ಉಡುಪಿಯ ಕಡೆಯವರು ಹೇಳುವ ಹಾಗೆಯೇ, ಒಂದಕ್ಷರ ತಪ್ಪದೆ ಹೇಳಿದ. "ನೀವು ನನಗೆ ಸುತ್ತಿದ್ದೀರಿ. ಸುತ್ತಿ ಆಯ್ತು. ಇನ್ನು ನಾನು ಸತ್ತರೆ ನನ್ನನ್ನು ಎಲ್ಲಿ ಇಡುವುದು? ಊರಿನಲ್ಲಿ ನನಗೆ ಜಾಗ ಇಲ್ಲ. ನೀವು ಹೇಳಿ, ಎಲ್ಲಿ ಇಡ್ತೀರಿ?"

ಹಿಂದಿನ ಸಾಲಿನಿಂದ ಯಾರೋ, "ಅಬ್ಬಾ, ಎಷ್ಟು ಚೆನ್ನಾಗಿ ಮಾತಾಡ್ತಾರ್ರೀ! ನಮ್ಮ ಮಕ್ಕಳಿಗೆ ಬರಲ್ಲ ಇಷ್ಟು!" ಎಂದರು. ಇಡೀ ಹಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ಜಯರಾಮನೂ ಮೈಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಟ್ಟಿದ.

ಗೋಡೆಯ ಬದಿಯ ಊಟದ ಮೇಜಿನ ಹಿಂದೆ ಪ್ರಫುಲ್ಲಾ ಸೌಟು ಹಿಡಿದು ನಿಂತಿದ್ದಳು. ಅವಳು ಚಪ್ಪಾಳೆ ತಟ್ಟಲಿಲ್ಲ. ಅವನು ಕೇಳಿದ್ದು ಪ್ರಶ್ನೆ ಎಂಬುದು ಆ ಹಾಲಿನಲ್ಲಿ ಅವಳೊಬ್ಬಳಿಗೆ ತಿಳಿದಿತ್ತು. ಹೆರಿ ವೇದಿಕೆಯಿಂದ ಅವಳ ಕಡೆಗೇ ನೋಡಿದ, ಉತ್ತರಕ್ಕಾಗಿ. ಅಷ್ಟರಲ್ಲಿ ತಟ್ಟೆ ಹಿಡಿದವರ ಸಾಲು ಬೆಳೆದು ಬಾಗಿಲು ಮುಟ್ಟಿತ್ತು. ಅವಳು ತಲೆ ತಗ್ಗಿಸಿ ಬಿಸಿಬೇಳೆಬಾತ್ ಬಡಿಸತೊಡಗಿದಳು.